ಅಮೀರ್‌ಪೇಟ್‌ನ ಬೀದಿಯಲ್ಲಿ ಒಂದು ದಿನ



ಮನೆಯಲ್ಲಿ ಪಿಯುಸಿ ಮುಗಿಸಿದ ಮಗನಿದ್ದರೆ ಈ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು: “ಅಮ್ಮೀ, ಕಾಲೇಜಿಗೆ ಹೋಗಿ ಮೂರು ವರ್ಷ ಯಾಕೆ ಹಾಳು ಮಾಡಲಿ? ಆರು ತಿಂಗಳು ನೆಟ್‌ವರ್ಕಿಂಗ್ ಕೋರ್ಸ್ ಮಾಡುತ್ತೇನೆ. ಸರ್ಟಿಫಿಕೇಟ್ ಸಿಕ್ಕಿತೆಂದರೆ ಕೆಲಸ ಸಿಕ್ಕ ಹಾಗೆಯೇ.”

ಕಲಬುರಗಿಯಲ್ಲಿರುವ ನನ್ನ ಆಪಾರ ಮನೆಯಲ್ಲಿ ಈ ಮಾತು ಎರಡು ತಿಂಗಳು ನಡೆಯಿತು. ಜಿದ್ದಾದಲ್ಲಿ ಡ್ರೈವರ್ ಆಗಿರುವ ಭಾವ ಫೋನಿನಲ್ಲಿ ಮಗನ ಪರ ನಿಂತರು. “ಇಲ್ಲಿ ಕಂಪ್ಯೂಟರ್ ಹುಡುಗರು ಎ.ಸಿ. ಕೋಣೆಯಲ್ಲಿ ಕುಳಿತು ದುಡಿಯುತ್ತಾರೆ. ನನ್ನ ಮಗನಾದರೂ ಬಿಸಿಲಿನಿಂದ ಪಾರಾಗಲಿ” ಎಂದರು. ಆಪಾ ಏನೂ ಹೇಳಲಿಲ್ಲ. ಕಪಾಟಿನಿಂದ ಎರಡು ಬಂಗಾರದ ಬಳೆಗಳನ್ನು ತೆಗೆದು ಕರವಸ್ತ್ರದಲ್ಲಿ ಕಟ್ಟಿಟ್ಟರು. ಅವು ಮಗಳ ಹೆಸರಿನಲ್ಲಿ ಎತ್ತಿಟ್ಟಿದ್ದ ಬಳೆಗಳು.

ನಾನು ಮದ್ರಸದಲ್ಲಿ ಓದಿ ಆಲಿಮಾ ಸನದು ಪಡೆದವಳು. ಶಾಲೆಯೊಂದರಲ್ಲಿ ಕಲಿಸಲು ಹೋದಾಗ ಅದೊಂದೇ ಸಾಲದೆ, ಮದುವೆಯಾದ ಮೇಲೆ ಮನೆಯಲ್ಲಿ ಕುಳಿತು ಓದಿ ಬಿ.ಎ. ಮುಗಿಸಿದವಳು. “ಎರಡೂ ತರಹದ ಸನದು ನಿನ್ನ ಬಳಿ ಇದೆ. ನೀನೇ ಬಂದು ನೋಡಿ ಹೇಳು” ಎಂದು ಆಪಾ ನನ್ನನ್ನು ಕರೆದರು. ಕಳೆದ ಜೂನ್ ತಿಂಗಳ ಒಂದು ಬೆಳಿಗ್ಗೆ ನಾವು ನಾಲ್ವರು ಹೈದರಾಬಾದಿಗೆ ರೈಲು ಹತ್ತಿದೆವು: ಆಪಾ, ಅವರ ಮಗ, ನಾನು, ಮತ್ತು ಆಗಷ್ಟೇ ಎಸ್ಸೆಸ್ಸೆಲ್ಸಿ ಪಾಸಾಗಿದ್ದ ಅವರ ಮಗಳು. ಮನೆಯಲ್ಲಿ ಒಬ್ಬಳನ್ನೇ ಬಿಡುವುದು ಹೇಗೆಂದು ಅವಳನ್ನು ಕರೆದುಕೊಂಡು ಹೊರಟದ್ದೇ ಹೊರತು ಬೇರೆ ಕಾರಣವೇನೂ ಇರಲಿಲ್ಲ.

ಈ ದಾರಿ ನಮ್ಮ ಹಿರಿಯರಿಗೆ ಹೊಸದಲ್ಲ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಕಾಲದಲ್ಲಿ, 1874ರಲ್ಲಿ ರೈಲು ಬಂತು. 1956ರವರೆಗೆ ಕಲಬುರಗಿಯೂ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಓದಲು ಹೈದರಾಬಾದಿಗೆ ಹೋಗುವುದೆಂದರೆ ನಮ್ಮದೇ ರಾಜಧಾನಿಗೆ ಹೋಗುವುದಾಗಿತ್ತು. 1918ರಲ್ಲಿ ಅಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಸ್ಥಾಪನೆಯಾಗಿ ಉರ್ದುವಿನಲ್ಲೇ ಉನ್ನತ ಶಿಕ್ಷಣ ಕೊಡತೊಡಗಿದಾಗ ಈ ಭಾಗದ ಹುಡುಗರು ಇದೇ ಹಳಿಯ ಮೇಲೆ ಪದವಿಗಾಗಿ ಹೋದರು. ಈಗ ನಮ್ಮ ಹುಡುಗ ಅದೇ ಹಳಿಯ ಮೇಲೆ, ಪದವಿ ಬೇಡವೆಂದು ಹೊರಟಿದ್ದ!

ವಾಡಿಯ ಸಿಮೆಂಟ್ ಕಾರ್ಖಾನೆ ದಾಟಿತು. ಚಿತ್ತಾಪುರ ದಾಟಿತು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಹೆಸರಿನ ಪುಟ್ಟ ನಿಲ್ದಾಣ, ಆಮೇಲೆ ಸೇಡಂ, ತಾಂಡೂರು. ತಾಂಡೂರಿನಲ್ಲಿ ಕನ್ನಡದ ಫಲಕಗಳು ಮುಗಿದು ತೆಲುಗು ಬಂತು. ಹುಡುಗ ದಾರಿಯುದ್ದಕ್ಕೂ ಮೊಬೈಲಿನಲ್ಲಿ ಕೋಚಿಂಗ್ ಸೆಂಟರುಗಳ ಹೆಸರು ಓದುತ್ತಿದ್ದ. ಹುಡುಗಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ಅವಳು ಮುಂದೇನು ಓದುತ್ತಾಳೆಂದು ಆ ಎರಡು ತಿಂಗಳಲ್ಲಿ ಯಾರೂ ಕೇಳಿರಲಿಲ್ಲ. ಖಾಲಾ ಆದ ನಾನೂ ಕೇಳಿರಲಿಲ್ಲ.

ಫಲಕಗಳ ಊರು

ಬೇಗಂಪೇಟೆಯಲ್ಲಿ ಇಳಿದು ಆಟೋ ಹಿಡಿದರೆ ಅಮೀರ್‌ಪೇಟ್ ದೂರವಿಲ್ಲ. ತಲೆಯ ಮೇಲೆ ಮೆಟ್ರೋ ಕಂಬಗಳು. 2017ರಲ್ಲಿ ಆರಂಭವಾದ ಮೆಟ್ರೋದ ಎರಡು ಮಾರ್ಗಗಳು ಇಲ್ಲಿ ಒಂದನ್ನೊಂದು ದಾಟುತ್ತವೆ. ಕೆಳಗೆ ಮೈತ್ರಿವನಂ ಕಟ್ಟಡದ ಸುತ್ತಮುತ್ತಲ ಗಲ್ಲಿಗಳಲ್ಲಿ ಗೋಡೆಯೇ ಕಾಣದಷ್ಟು ಫಲಕಗಳು. ಜಾವಾ, ಪೈಥಾನ್, ಕ್ಲೌಡ್, ಡೆವ್‌ಆಪ್ಸ್ ಎಂಬ ಹೆಸರುಗಳು. ಪ್ರತಿಯೊಂದರ ಪಕ್ಕದಲ್ಲಿ ಕಲಿಸುವವರ ಭಾವಚಿತ್ರ. ನಮ್ಮೂರಲ್ಲಿ ಚುನಾವಣೆಗೆ ನಿಂತವರ ಚಿತ್ರ ಹಾಕುತ್ತಾರಲ್ಲ, ಹಾಗೆ. 2020ರ ಕೊರೋನಾ ಕಾಲದಲ್ಲಿ ಬಹಳಷ್ಟು ತರಗತಿಗಳು ಆನ್‌ಲೈನ್ ಆದವು. ಆದರೂ ಬೀದಿಯ ಗದ್ದಲ ನಿಂತಿಲ್ಲ. ಹತ್ತು ಹೆಜ್ಜೆ ಇಡುವಷ್ಟರಲ್ಲಿ ಆಪಾರ ಕೈಯಲ್ಲಿ ಆರು ಕರಪತ್ರಗಳಿದ್ದವು. ಜೆರಾಕ್ಸ್ ಅಂಗಡಿಗಳ ಮುಂದೆ ಪಾಠದ ಹಾಳೆಗಳು ದಿಂಡುದಿಂಡಾಗಿ ಮಾರಾಟಕ್ಕಿದ್ದವು. ಮೇಲಿನ ಮಹಡಿಗಳಲ್ಲಿ ಹುಡುಗರ ಹಾಸ್ಟೆಲ್, ಹುಡುಗಿಯರ ಹಾಸ್ಟೆಲ್.

ಒಂದು ಟಿಫಿನ್ ಸೆಂಟರಿನಲ್ಲಿ ಕುಳಿತಾಗ ಪಕ್ಕದ ಮೇಜಿನ ಹುಡುಗಿಯರನ್ನು ಮಾತನಾಡಿಸಿದೆ. ಮೂವರು. ಮೂವರೂ ಇಂಜಿನಿಯರಿಂಗ್ ಮುಗಿಸಿದವರು! “ನಾಲ್ಕು ವರ್ಷ ಓದಿದಿರಲ್ಲ, ಮತ್ತೆ ಇಲ್ಲಿಗೆ ಯಾಕೆ?” ಎಂದೆ. ಒಬ್ಬಳು ನಕ್ಕು, “ಕಾಲೇಜಿನಲ್ಲಿ ಡಿಗ್ರಿ ಕೊಟ್ಟರು ಆಂಟಿ, ಕೆಲಸ ಇಲ್ಲಿ ಕಲಿಯುತ್ತಿದ್ದೇವೆ” ಎಂದಳು. ಆ ದಿನ ಅಲ್ಲಿ ಮಾತನಾಡಿಸಿದವರಲ್ಲಿ ಹೆಚ್ಚಿನವರ ಕಥೆ ಇದೇ ಆಗಿತ್ತು.

ಸಹೋದರಿಯರೇ, ಅಲ್ಲಿಯೇ ನನಗೆ ವಿಷಯ ಅರ್ಧ ತಿಳಿಯಿತು. ಅಲ್ಲಿದ್ದವರ ಬಳಿ ಪದವಿ ಇತ್ತು, ಕೈಕೆಲಸ ಇರಲಿಲ್ಲ. ಅದನ್ನು ಹುಡುಕಿಕೊಂಡು ಬಂದಿದ್ದರು. ನಮ್ಮವನು ಕೈಕೆಲಸ ಮಾತ್ರ ಸಾಕು, ಪದವಿ ಬೇಡ ಎನ್ನುತ್ತಿದ್ದ. ಕೆಲಸದ ಬಾಗಿಲಲ್ಲಿ ಇವನು ಅವರ ಪಕ್ಕದಲ್ಲಿಯೇ ನಿಲ್ಲಬೇಕಲ್ಲವೇ?

ಯಾರು ಕೊಟ್ಟ ಸನದು?

ಮೊದಲು ಹೋದ ಕಡೆ ತಣ್ಣನೆಯ ಕೋಣೆಯಲ್ಲಿ ಕೂರಿಸಿ ನೀರು ಕೊಟ್ಟರು. ನೂರಕ್ಕೆ ನೂರು ಕೆಲಸ ಗ್ಯಾರಂಟಿ ಎಂದರು. ಹೇಳಿದ ಶುಲ್ಕ ಕೇಳಿ ಆಪಾ ನನ್ನ ಮುಖ ನೋಡಿದರು. ಹಣ ಒಟ್ಟಿಗೆ ಇಲ್ಲದಿದ್ದರೆ ಬಡ್ಡಿಯ ಮೇಲೆ ಸಾಲ ಮಾಡಿಸಿಕೊಡುವ ವ್ಯವಸ್ಥೆಯೂ ಇತ್ತು. ನಾನು ಒಂದೇ ಪ್ರಶ್ನೆ ಕೇಳಿದೆ: “ಕೊನೆಗೆ ಸಿಗುವ ಸರ್ಟಿಫಿಕೇಟಿನ ಮೇಲೆ ಯಾರ ಹೆಸರಿರುತ್ತದೆ?” ಅವರು ತಮ್ಮ ಸಂಸ್ಥೆಯ ಹೊಳೆಯುವ ಕಾಗದ ತೋರಿಸಿದರು.

ಇಲ್ಲಿ ನೀವು ಗಮನವಿಡಬೇಕು. ಮದ್ರಸದಲ್ಲಿ ನಾವು ಸನದು ಯಾರಿಂದ ಬಂತು, ಅವರಿಗೆ ಯಾರಿಂದ ಬಂತು ಎಂದು ನೋಡುತ್ತೇವೆ. ಇದರಲ್ಲೂ ಹಾಗೆಯೇ. ಕೋಚಿಂಗ್ ಸೆಂಟರ್ ಕೊಡುವುದು ತರಗತಿಗೆ ಬಂದಿದ್ದಕ್ಕೆ ಗುರುತು, ಅಷ್ಟೆ. ಲೋಕ ಗುರುತಿಸುವ ಸನದು ಬೇರೆ. ಸಿಸ್ಕೊ ಎಂಬ ಅಮೆರಿಕನ್ ಕಂಪೆನಿ 1998ರಲ್ಲಿ ಆರಂಭಿಸಿದ ಸಿಸಿಎನ್‌ಎ ಎಂಬ ಪರೀಕ್ಷೆ ಅಂಥದ್ದು. ಅದನ್ನು ಬರೆಯಲು ಯಾವ ಪದವಿಯೂ ಬೇಕಿಲ್ಲ, ಯಾವ ಕೋಚಿಂಗ್ ಸೆಂಟರಿನ ಕಾಗದವೂ ಬೇಕಿಲ್ಲ. ಪಿಯರ್ಸನ್ ವ್ಯೂ ಎಂಬ ಸಂಸ್ಥೆ ಪರೀಕ್ಷೆ ನಡೆಸುತ್ತದೆ. ಅವಧಿ 120 ನಿಮಿಷ. ಶುಲ್ಕ 300 ಡಾಲರ್. ತೆರಿಗೆ ಸೇರಿ ನಮ್ಮ ಹಣದಲ್ಲಿ ಇಪ್ಪತ್ತೈದು ಸಾವಿರ ದಾಟುತ್ತದೆ. ಫೇಲಾದರೆ ಮತ್ತೆ ಪೂರ್ತಿ ಶುಲ್ಕ ಕಟ್ಟಬೇಕು. ಕೇಂದ್ರಕ್ಕೆ ಹೋಗಿ ಬರೆಯಬಹುದು. ಕ್ಯಾಮೆರಾ ಇರುವ ಕಂಪ್ಯೂಟರ್ ಮತ್ತು ಯಾರೂ ಬರದ ಒಂದು ಕೋಣೆಯಿದ್ದರೆ ಮನೆಯಿಂದಲೂ ಬರೆಯಬಹುದು. ಪಾಸಾದರೆ ಅದರ ಆಯುಷ್ಯ ಮೂರು ವರ್ಷ. ಆಮೇಲೆ ನವೀಕರಿಸಬೇಕು.

“ಪರೀಕ್ಷೆಯ ಚಿಂತೆ ಬೇಡ, ಬರುವ ಪ್ರಶ್ನೆಗಳನ್ನೇ ಉತ್ತರದೊಂದಿಗೆ ಕೊಡುತ್ತೇವೆ” ಎಂದು ಅವರು ತಗ್ಗಿದ ದನಿಯಲ್ಲಿ ಹೇಳಿದರು. ಇದಕ್ಕೆ ಈ ಬೀದಿಯಲ್ಲಿ ‘ಡಂಪ್’ ಎಂದು ಹೆಸರು. ಕದ್ದ ಪ್ರಶ್ನೆಗಳವು. ಸಿಕ್ಕಿಬಿದ್ದರೆ ಕಂಪೆನಿ ಸರ್ಟಿಫಿಕೇಟ್ ಕಿತ್ತುಕೊಳ್ಳುತ್ತದೆ. ಸಿಕ್ಕಿಬೀಳದಿದ್ದರೂ ಮೋಸದಿಂದ ಪಡೆದ ಸನದಿನಿಂದ ಬರುವ ಸಂಬಳವನ್ನು ನಾವು ಮಕ್ಕಳ ತಟ್ಟೆಗೆ ಹೇಗೆ ಬಡಿಸುವುದು? ಆಪಾ ನನಗಿಂತ ಮೊದಲೇ ಎದ್ದು ನಿಂತರು.

ಎಂಟು ತಂತಿಗಳು

ಎರಡನೆಯ ಕಡೆ ಕೋಣೆ ಚಿಕ್ಕದು, ಫ್ಯಾನು ಸದ್ದು ಮಾಡುತ್ತಿತ್ತು. ಈ ಬೀದಿಯಲ್ಲಿ ಮೊದಲ ಪಾಠ ಪುಕ್ಕಟೆ. ಅದಕ್ಕೆ ಡೆಮೊ ಎನ್ನುತ್ತಾರೆ. ನಾವು ನಾಲ್ವರೂ ಹಿಂದಿನ ಬೆಂಚಿನಲ್ಲಿ ಕುಳಿತೆವು. ಕಲಿಸುವವರು ನಡುವಯಸ್ಸಿನವರು. ಕರಿಹಲಗೆಯ ಮೇಲೆ ನಾಲ್ಕು ಅಂಕಿ ಬರೆದು ಅವುಗಳ ನಡುವೆ ಚುಕ್ಕಿ ಇಟ್ಟರು. ಪ್ರತಿ ಕಂಪ್ಯೂಟರಿಗೂ ಒಂದು ವಿಳಾಸ. ಒಂದೊಂದು ಅಂಕಿ ಸೊನ್ನೆಯಿಂದ 255ರೊಳಗೆ. ವಿಳಾಸದ ಮೊದಲ ಭಾಗ ಮೊಹಲ್ಲಾ, ಕೊನೆಯ ಭಾಗ ಮನೆ. ಒಂದೇ ಮೊಹಲ್ಲಾದೊಳಗೆ ಪತ್ರ ತಲುಪಿಸುವುದು ಸ್ವಿಚ್‌ನ ಕೆಲಸ, ಒಂದು ಮೊಹಲ್ಲಾದಿಂದ ಇನ್ನೊಂದಕ್ಕೆ ದಾಟಿಸುವುದು ರೂಟರ್‌ನ ಕೆಲಸ. ಬ್ಯಾಂಕಿನ ಹಣ, ಆಸ್ಪತ್ರೆಯ ರಿಪೋರ್ಟು, ಭಾವ ಜಿದ್ದಾದಿಂದ ಮಾಡುವ ವೀಡಿಯೊ ಕರೆ ಎಲ್ಲವೂ ಹೀಗೆ ಮೊಹಲ್ಲಾದಿಂದ ಮೊಹಲ್ಲಾ ದಾಟಿ ಬರುತ್ತವೆ ಎಂದಾಗ ಆಪಾ ಕೂಡ ಮುಂದಕ್ಕೆ ಬಾಗಿ ಕೇಳತೊಡಗಿದರು.

ಆಮೇಲೆ ಎಲ್ಲರ ಕೈಗೂ ಒಂದೊಂದು ತುಂಡು ಕೇಬಲ್ ಕೊಟ್ಟರು. ಒಳಗೆ ಎಂಟು ತಂತಿಗಳು, ಎರಡೆರಡು ಹೆಣೆದುಕೊಂಡು. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಈ ಕ್ರಮದಲ್ಲಿ ಜೋಡಿಸಿ, ತುದಿ ಸಮ ಮಾಡಿ, ಪ್ಲಾಸ್ಟಿಕ್ ಕೊಂಡಿಗೆ ತೂರಿಸಿ ಒತ್ತಬೇಕು. ನಮ್ಮ ಹುಡುಗ ಅವಸರದಲ್ಲಿ ಹಸಿರು ಜೋಡಿಯನ್ನು ಪಕ್ಕಪಕ್ಕದಲ್ಲಿಯೇ ಇಟ್ಟ. ಮೂರನೆಯದು ಮತ್ತು ಆರನೆಯದು ಹಸಿರು, ನಡುವೆ ನೀಲಿ ಜೋಡಿ ಬರಬೇಕು. ಟೆಸ್ಟರಿಗೆ ಸಿಕ್ಕಿಸಿದಾಗ ದೀಪಗಳು ಕ್ರಮ ತಪ್ಪಿದವು. ಮತ್ತೆ ಮಾಡಿದ, ಮತ್ತೆ ತಪ್ಪಿತು.

ಅವನ ತಂಗಿ ತನ್ನದನ್ನು ಮಡಿಲಲ್ಲಿ ಇಟ್ಟುಕೊಂಡು, ಕಸೂತಿಯ ದಾರ ಬಿಡಿಸುವ ಹಾಗೆ ಒಂದೊಂದೇ ಬಿಡಿಸಿ ಜೋಡಿಸಿದ್ದಳು. ಎಂಟು ದೀಪಗಳೂ ಸಾಲಾಗಿ ಹೊತ್ತಿಕೊಂಡವು. ಉಸ್ತಾದರು, “ಇವಳೂ ಸೇರುತ್ತಾಳಾ?” ಎಂದು ಕೇಳಿದರು. ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ. ಹುಡುಗಿ ತಲೆ ತಗ್ಗಿಸಿ ಕೇಬಲ್ಲನ್ನು ಬ್ಯಾಗಿಗೆ ಹಾಕಿಕೊಂಡಳು.

ಆ ಉಸ್ತಾದರು ಪ್ರಾಮಾಣಿಕರು. ನಾನು ನೇರವಾಗಿ ಕೇಳಿದೆ, ಅವರು ನೇರವಾಗಿ ಹೇಳಿದರು. “ಪಿಯುಸಿ ಮುಗಿಸಿದ ಹುಡುಗ ಮನಸ್ಸಿಟ್ಟು ಕಲಿತು ಸಿಸಿಎನ್‌ಎ ಪಾಸಾದರೆ ಕೆಲಸ ಸಿಗಬಹುದು. ಮೊದಲ ಕೆಲಸ ಎ.ಸಿ. ಕೋಣೆಯಲ್ಲಿ ಇರುವುದಿಲ್ಲ. ಏಣಿ ಹತ್ತಿ ಕೇಬಲ್ ಎಳೆಯಬೇಕು. ಇಲ್ಲವೇ ರಾತ್ರಿ ಪಾಳಿಯಲ್ಲಿ ಪರದೆ ನೋಡುತ್ತಾ ಕೂರಬೇಕು. ಮೂರು ವರ್ಷಕ್ಕೊಮ್ಮೆ ಮತ್ತೆ ಓದಬೇಕು. ಹಿಂದೆ ಈ ಬೀದಿಯಲ್ಲಿ ಎಂಸಿಎಸ್‌ಇ ಎಂಬ ಫಲಕ ಇಲ್ಲದ ಕಟ್ಟಡವಿರಲಿಲ್ಲ. 2021ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಅದನ್ನೇ ನಿಲ್ಲಿಸಿತು. ಸಿಸಿಎನ್‌ಎ ಕೂಡ 2020ರ ಫೆಬ್ರವರಿಯಲ್ಲಿ ಪೂರ್ತಿ ಬದಲಾಯಿತು. ಕೈಯಲ್ಲಿ ಮಾಡುತ್ತಿದ್ದ ಕೆಲಸವನ್ನು ಪ್ರೋಗ್ರಾಂ ಮಾಡುವ ವಿಷಯಕ್ಕೆ ಈಗ ಪರೀಕ್ಷೆಯಲ್ಲಿ ಶೇಕಡಾ 10 ಪಾಲಿದೆ. ಕಲಿಯುವುದು ನಿಲ್ಲುವ ಕೆಲಸ ಇದಲ್ಲ.”

ಇನ್ನೊಂದು ಮಾತು ಅವರು ಹೇಳಿದ್ದು ನಮ್ಮ ಬಳೆಗಳನ್ನು ಉಳಿಸಿತು. ಸಿಸ್ಕೊ ಕಂಪೆನಿಯ ನೆಟ್‌ವರ್ಕಿಂಗ್ ಅಕಾಡೆಮಿ 1997ರಿಂದಲೂ ಇದೆ. ಅದರಲ್ಲಿ ಹೆಸರು ನೋಂದಾಯಿಸಿದರೆ ಪ್ಯಾಕೆಟ್ ಟ್ರೇಸರ್ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ರೂಟರ್, ಸ್ವಿಚ್ ಖರೀದಿಸದೆ ಮನೆಯ ಕಂಪ್ಯೂಟರಿನ ಪರದೆಯ ಮೇಲೆಯೇ ಜೋಡಿಸಿ ಕಲಿಯಬಹುದು. “ಎರಡು ತಿಂಗಳು ಮನೆಯಲ್ಲಿ ಇದನ್ನು ಮಾಡಲಿ. ಆಮೇಲೂ ಆಸೆ ಇದ್ದರೆ ನನ್ನ ಬಳಿ ಬರಲಿ” ಎಂದರು. ಶುಲ್ಕ ಬರುವುದನ್ನು ಬೇಡವೆಂದ ಗುರುವನ್ನು ಅಮೀರ್‌ಪೇಟ್‌ನಲ್ಲಿ ಕಂಡೆ, ಅಲ್‌ಹಮ್ದುಲಿಲ್ಲಾಹ್.

ಮೆಹದಿಪಟ್ಣಂನ ಸಂಜೆ

ಅಸ್ರ್ ನಮಾಝ್ ಮುಗಿಸಿ ಮೆಹದಿಪಟ್ಣಂಗೆ ಹೋದೆವು. ಶಹಾಬಾದಿನ ನಮ್ಮ ಪರಿಚಯದ ಮನೆತನದ ಹುಡುಗನೊಬ್ಬ ಅಲ್ಲಿ ಸಂಸಾರ ಮಾಡಿಕೊಂಡಿದ್ದಾನೆ. ನಮ್ಮ ಹುಡುಗನಿಗೆ ಅವನೇ ಆದರ್ಶ. ಕಾಲೇಜಿಗೆ ಹೋಗದೆ, ಸರ್ಟಿಫಿಕೇಟಿನಿಂದಲೇ ಹೈಟೆಕ್ ಸಿಟಿಯಲ್ಲಿ ಕೆಲಸ ಹಿಡಿದವನು. ಅವನ ಹೆಂಡತಿ ಚಹಾ, ಉಸ್ಮಾನಿಯಾ ಬಿಸ್ಕತ್ತು ತಂದಿಟ್ಟಳು.

ಅವನು ಯಾವುದನ್ನೂ ಮುಚ್ಚಿಡಲಿಲ್ಲ. “ಇಪ್ಪತ್ತಕ್ಕೇ ಕೆಲಸ ಸಿಕ್ಕಿತು, ಅದು ನಿಜ ಖಾಲಾ. ಜೊತೆಯವರು ಕಾಲೇಜಿನಲ್ಲಿದ್ದಾಗ ನಾನು ಅಮ್ಮಿಗೆ ಹಣ ಕಳಿಸುತ್ತಿದ್ದೆ. ತಂಗಿಯ ಮದುವೆಯಾಯಿತು. ಆ ದಾರಿ ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಆರು ವರ್ಷದ ಮೇಲೆ ಮೇಲಿನ ಹುದ್ದೆಗೆ ಅರ್ಜಿ ಹಾಕಿದಾಗ ಒಂದು ಖಾನೆ ಖಾಲಿ ಉಳಿಯಿತು. ಪದವಿ ಎಂಬ ಖಾನೆ. ನಾನು ಕೆಲಸ ಕಲಿಸಿದ ಹುಡುಗ ಈಗ ನನ್ನ ಮೇಲಧಿಕಾರಿ. ಗಲ್ಫಿಗೆ ಹೋಗೋಣವೆಂದು ನೋಡಿದೆ. ಅಲ್ಲಿಯೂ ಅದೇ ಪ್ರಶ್ನೆ.” ಅವನ ಮಾತು ಸರಿ. ಯುಎಇ 2022ರಲ್ಲಿ ತಂದ ಗ್ರೀನ್ ವೀಸಾವನ್ನೇ ನೋಡಿ; ಕುಶಲ ಉದ್ಯೋಗಿಗೂ ಅದು ಪದವಿ ಅಥವಾ ಅದಕ್ಕೆ ಸಮನಾದ ವಿದ್ಯಾರ್ಹತೆ ಕೇಳುತ್ತದೆ.

“ಈಗ ರಾತ್ರಿ ಪಾಳಿ ಮುಗಿಸಿ ಬಂದು ಇಗ್ನೋದ ಬಿಸಿಎ ಪುಸ್ತಕ ಹಿಡಿಯುತ್ತಾರೆ” ಎಂದಳು ಹೆಂಡತಿ. “ಮಕ್ಕಳಿಗೆ ಅಬ್ಬಾ ಸಿಗುವುದು ಭಾನುವಾರ ಮಾತ್ರ. ಇದನ್ನೇ ಹದಿನೆಂಟರಲ್ಲಿ ಜೊತೆಜೊತೆಗೆ ಓದಿದ್ದರೆ ಆಗುತ್ತಿತ್ತು.” ಅವಳ ದನಿಯಲ್ಲಿ ದೂರು ಇರಲಿಲ್ಲ, ಆಯಾಸವಿತ್ತು.

ನಮ್ಮ ಹುಡುಗ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಹಾಗೆಯೇ ಹಿಡಿದುಕೊಂಡಿದ್ದ. ಅದು ಮುರಿದು ಲೋಟಕ್ಕೆ ಬಿತ್ತು.

ಬಳೆಗಳ ಲೆಕ್ಕ

ಆ ರಾತ್ರಿ ಅವರ ಮನೆಯಲ್ಲೇ ತಂಗಿದೆವು. ಇಶಾ ನಮಾಝ್ ಆದ ಮೇಲೆ ಆಪಾ ಕರವಸ್ತ್ರದ ಗಂಟು ಬಿಚ್ಚಿ ಬಳೆಗಳನ್ನು ನೋಡುತ್ತಾ ಕುಳಿತಿದ್ದರು. ಆಗ ನಾನು ಅವರಿಗೆ ನುಅಮಾನ್ ಬಿನ್ ಬಶೀರ್(ರ) ಅವರ ಬಾಲ್ಯದ ಘಟನೆಯನ್ನು ನೆನಪಿಸಿದೆ. ಅವರ ತಂದೆ ಈ ಒಬ್ಬ ಮಗನಿಗೆ ಒಂದು ಉಡುಗೊರೆ ಕೊಟ್ಟು, ಅದಕ್ಕೆ ಪ್ರವಾದಿ ಮುಹಮ್ಮದ್(ಸ)ರನ್ನು ಸಾಕ್ಷಿಯಾಗಿಸಲು ಹೋದರು. ನಿನ್ನ ಎಲ್ಲ ಮಕ್ಕಳಿಗೂ ಹೀಗೆಯೇ ಕೊಟ್ಟಿದ್ದೀಯಾ ಎಂದು ಪ್ರವಾದಿವರ್ಯರು(ಸ) ಕೇಳಿದರು. ಇಲ್ಲ ಎಂದಾಗ ಸಾಕ್ಷಿಯಾಗಲು ಒಪ್ಪಲಿಲ್ಲ. ಬುಖಾರಿ, ಮುಸ್ಲಿಮ್ ಎರಡರಲ್ಲೂ ಬಂದಿರುವ ಹದೀಸ್ ಇದು. ನಾವು ಎಷ್ಟು ಸಲ ಓದಿದ್ದೇವೆ, ಎಷ್ಟು ಸಲ ಕಲಿಸಿದ್ದೇವೆ! ಆದರೆ ಮಗನ ಕೋರ್ಸಿಗೆ ಮಗಳ ಬಳೆ ತೆಗೆಯುವಾಗ ಅದು ನೆನಪಾಗಲಿಲ್ಲ.

ಆಪಾ ಮಗಳನ್ನು ಕರೆದು ಕೇಳಿದರು, “ನಿನಗೇನು ಓದಬೇಕೆಂದಿದೆ?” ಅವಳು ಬಹಳ ಹೊತ್ತು ಸುಮ್ಮನಿದ್ದು, “ಆ ಮೊಹಲ್ಲಾ ಲೆಕ್ಕ ನನಗೆ ತಿಳಿಯಿತು ಅಮ್ಮೀ. ಅದನ್ನೇ ಓದಬೇಕು” ಎಂದಳು.

ಅದಕ್ಕೂ ದಾರಿಯಿದೆ. ಇದೇ ಹೈದರಾಬಾದಿನ ಗಚ್ಚಿಬೌಲಿಯಲ್ಲಿ 1998ರಲ್ಲಿ ಸ್ಥಾಪನೆಯಾದ ಮೌಲಾನಾ ಆಝಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾನಿಲಯವಿದೆ. ಉರ್ದು ಓದಿ ಹತ್ತನೆಯ ತರಗತಿ ಪಾಸಾದವರಿಗೆ ಅದರ ಪಾಲಿಟೆಕ್ನಿಕ್‌ಗಳಲ್ಲಿ ಡಿಪ್ಲೊಮಾ ಓದಬಹುದು. ಅದರಲ್ಲಿ ಕಂಪ್ಯೂಟರ್ ವಿಭಾಗವೂ ಇದೆ. ಅಂಥದ್ದೊಂದು ಪಾಲಿಟೆಕ್ನಿಕ್ ನಮ್ಮ ಬೆಂಗಳೂರಿನಲ್ಲೂ ಇದೆ. ಮದ್ರಸದಿಂದ ಬಂದವರಿಗೆ ಸೇತುಬಂಧ ಕೋರ್ಸುಗಳನ್ನೂ ಆ ವಿಶ್ವವಿದ್ಯಾನಿಲಯ ನಡೆಸುತ್ತದೆ. ನನ್ನ ಕಾಲದಲ್ಲಿ ಈ ದಾರಿಯನ್ನು ಯಾರಾದರೂ ತೋರಿಸಿದ್ದರೆ ಎಂದು ನನಗೂ ಅನ್ನಿಸಿತು.

ನಿಮ್ಮ ಮನೆಯಲ್ಲಿ ಈ ಮಾತು ಬಂದರೆ

ಸಹೋದರಿಯರೇ, ಮಗ ಇಂಥ ಕೋರ್ಸ್ ಕೇಳಿದರೆ ಗದರಬೇಡಿ. ಅವನು ದುಡಿಯಲು ಆಸೆಪಡುತ್ತಿದ್ದಾನೆ, ಅದು ಒಳ್ಳೆಯದೇ. ಹಾಗೆಂದು ಕೇಳಿದ ಕೂಡಲೇ ಕಪಾಟಿನ ಬಾಗಿಲನ್ನೂ ತೆರೆಯಬೇಡಿ. ಮೊದಲು ಮನೆಯಲ್ಲೇ ಪುಕ್ಕಟೆ ಕಲಿಯುವುದನ್ನು ಎರಡು ತಿಂಗಳು ಕಲಿಯಲಿ. ಆಸೆ ನಿಜವೋ ಅಲ್ಲವೋ ಗೊತ್ತಾಗುತ್ತದೆ. ಸರ್ಟಿಫಿಕೇಟಿನ ಮೇಲೆ ಯಾರ ಹೆಸರಿರುತ್ತದೆ, ಪರೀಕ್ಷೆಯ ಶುಲ್ಕ ಕೋರ್ಸಿನ ಶುಲ್ಕದಲ್ಲಿ ಸೇರಿದೆಯೇ, ಅದರ ಆಯುಷ್ಯವೆಷ್ಟು ಎಂದು ಹಣ ಕಟ್ಟುವ ಮೊದಲೇ ಕೇಳಿ. ಕೆಲಸದ ಗ್ಯಾರಂಟಿ ಎನ್ನುವವರಿಂದ ಅದನ್ನು ಬರೆಸಿಕೊಳ್ಳಿ. ಬರೆದುಕೊಡದಿದ್ದರೆ ಎದ್ದು ಬನ್ನಿ. ಬಡ್ಡಿಯ ಸಾಲದಿಂದ ಮಗನ ಜೀವನ ಆರಂಭಿಸಬೇಡಿ.

ಪದವಿಯನ್ನು ಮಾತ್ರ ಪೂರ್ತಿ ಕೈಬಿಡಬೇಡಿ. 1985ರಲ್ಲಿ ಆರಂಭವಾದ ಇಗ್ನೋಗೆ ವಿಜಯಪುರದಲ್ಲಿ ಪ್ರಾದೇಶಿಕ ಕೇಂದ್ರವಿದೆ. ಮೈಸೂರಿನಲ್ಲಿ ನಮ್ಮ ರಾಜ್ಯದ ಮುಕ್ತ ವಿಶ್ವವಿದ್ಯಾನಿಲಯವಿದೆ. ದುಡಿಯುತ್ತಲೇ ಅಲ್ಲಿ ಪದವಿ ಓದಬಹುದು. ಸರ್ಟಿಫಿಕೇಟ್ ಮೊದಲ ಬಾಗಿಲನ್ನು ಬೇಗ ತೆರೆಯಬಹುದು. ಆದರೆ ಮನೆಗೆ ಒಂದೇ ಬಾಗಿಲಿರುವುದಿಲ್ಲ. ನನ್ನ ಆಲಿಮಾ ಸನದು ನನಗೆ ಕಲಿಸುವ ಯೋಗ್ಯತೆ ಕೊಟ್ಟಿತು. ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರು ಬಂದದ್ದು ಬಿ.ಎ.ಯಿಂದ. ಒಂದನ್ನು ಇನ್ನೊಂದರ ಶತ್ರು ಮಾಡಿದವರು ನಾವು.

ಮರಳುವ ರೈಲಿನಲ್ಲಿ ಹುಡುಗ ಹೆಚ್ಚು ಮಾತನಾಡಲಿಲ್ಲ. ಊರಿನ ಕಾಲೇಜಿನಲ್ಲಿ ಬಿಸಿಎ ಅರ್ಜಿಗೆ ಕೊನೆಯ ದಿನ ಯಾವುದೆಂದು ತಾಂಡೂರು ದಾಟಿದ ಮೇಲೆ ಮೊಬೈಲಿನಲ್ಲಿ ಹುಡುಕಿದ. ಸೇಡಂನಲ್ಲಿ ತಂಗಿಯ ಕಡೆ ಕೈಚಾಚಿ, “ಆ ಕೇಬಲ್ ಕೊಡು, ಹಸಿರು ಎಲ್ಲಿ ಬರುತ್ತದೆ ತೋರಿಸು” ಎಂದ. ಅವಳು ಬ್ಯಾಗಿನಿಂದ ತೆಗೆದು ಅವನ ಪಕ್ಕದಲ್ಲಿ ಕುಳಿತು, ಮೂರನೆಯದರ ಮೇಲೆ ಬೆರಳಿಟ್ಟಳು, ಆಮೇಲೆ ಆರನೆಯದರ ಮೇಲೆ. ಆಪಾ ಕರವಸ್ತ್ರದ ಗಂಟನ್ನು ಪರ್ಸಿನ ಒಳಗಿನ ಜೇಬಿಗೆ ಸೇರಿಸಿ ಝಿಪ್ ಎಳೆದರು.